ಬಳಚು, ನಕ್ಷತ್ರಮೀನು ಮತ್ತು ನಾನು ಕೊಟ್ಟ ಎರಡು ತಪ್ಪು ಉತ್ತರ



ಈ ಸಮಾವೇಶದಲ್ಲಿ ಪ್ರಧಾನ ಭಾಷಣ ಮಾಡಬೇಕು ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ, "ಎನ್‌ಆರ್‌ಐ ತೆರಿಗೆ ಬಗ್ಗೆ ತಾನೆ ಸಾರ್?" ಎಂದೆ. ಸಿಎ ಮಾಡಿದವನನ್ನು ಕರೆದರೆ ಇನ್ನೇನು ಕೇಳುತ್ತಾರೆ? "ಅದು ಎಲ್ಲಾ ವರ್ಷವೂ ಆಗುತ್ತದೆ, ಬೇರೆ ಏನಾದರೂ ಹೇಳಿ" ಎಂದರು. "ಹಾಗಾದರೆ ಬಳಚು ಮತ್ತು ನಕ್ಷತ್ರಮೀನಿನ ಬಗ್ಗೆ ಮಾತಾಡುತ್ತೇನೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ದೊಡ್ಡವರಲ್ಲವೇ, "ಆಗಲಿ, ನಿಮ್ಮಿಷ್ಟ" ಎಂದರು. ಹಾಗಾಗಿ ಇವತ್ತಿನ ವಿಷಯದ ಹೊಣೆ ಪೂರ್ತಿ ನನ್ನದೇ.

ನಾನು ಕುಮಟೆ ಕಡೆಯವನು. ಅಘನಾಶಿನಿ ಸಮುದ್ರ ಸೇರುವ ಅಳಿವೆಯ ಹತ್ತಿರ ಬೆಳೆದವನು. ನೀರು ಇಳಿದಾಗ ಊರಿನ ಹೆಂಗಸರು ಬುಟ್ಟಿ ಹಿಡಿದು ಹೊಳೆಗೆ ಇಳಿದು, ಕೆಸರಲ್ಲಿ ಕೈ ಆಡಿಸಿ ಬಳಚು ಹೆಕ್ಕುತ್ತಾರೆ. ದಕ್ಷಿಣ ಕನ್ನಡ, ಉಡುಪಿಯವರಿಗೆ ಅದು ಮರುವಾಯಿ. ಬಯಲುಸೀಮೆಯವರಿಗೆ ಹೇಗೆ ಹೇಳಲಿ, ಎರಡು ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಕೂಡಿಕೊಂಡಿರುತ್ತವಲ್ಲ, ಆ ಪ್ರಾಣಿ. ಅಜ್ಜಿ ಅದನ್ನು ಒಂದು ರಾತ್ರಿ ಉಪ್ಪು ನೀರಲ್ಲಿ ಇಟ್ಟು, ಬೆಳಗ್ಗೆ ಮೂರು ಸಲ ತೊಳೆದು, ತೆಂಗಿನಕಾಯಿ ಹಾಕಿ ಸುಕ್ಕ ಮಾಡುತ್ತಿದ್ದಳು. ಬಳಚಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಮೂವತ್ತು ವರ್ಷ ನಂಬಿದ್ದೆ.

2011ರ ಫೆಬ್ರವರಿ. ನಾನು ಕುವೈತಿಗೆ ಬಂದು ಮೂರು ವರ್ಷವಾಗಿತ್ತು. ಸಂಸಾರ ಇನ್ನೂ ಊರಲ್ಲೇ ಇತ್ತು. ಅಬ್ಬಾಸಿಯಾದ ಒಂದು ಫ್ಲ್ಯಾಟಿನಲ್ಲಿ ನಾವು ಐದು ಜನ ಕನ್ನಡಿಗರು. ಅವರಲ್ಲಿ ಚಿಕ್ಕವನು ಬೆಂಗಳೂರಿನ ಹುಡುಗ, ಇಪ್ಪತ್ತೆರಡು ವರ್ಷ, ಒಂದು ಹೋಟೆಲಿನ ಅಡುಗೆಮನೆಯಲ್ಲಿ ಸಹಾಯಕ. ಒಂದು ಶುಕ್ರವಾರ ಎಲ್ಲರೂ ಟ್ಯಾಕ್ಸಿ ಮಾಡಿಕೊಂಡು ಕೊಲ್ಲಿಯ ದಡಕ್ಕೆ ಹೋದೆವು. ಇಲ್ಲಿನ ಇಳಿತ ನಿಮಗೆ ಗೊತ್ತೇ ಇದೆ. ನಮ್ಮ ಕರಾವಳಿಗಿಂತ ಹೆಚ್ಚು ಏರಿಳಿತ, ಅದರ ಮೇಲೆ ಸಮತಟ್ಟಾದ ದಡ. ಹಾಗಾಗಿ ನೀರು ಹಿಂದೆ ಸರಿದರೆ ಕಣ್ಣು ಹಾಯುವವರೆಗೂ ಕೆಸರು ಬಯಲು. ಆ ಕೆಸರಿನಲ್ಲಿ ಕಾಲಿಟ್ಟ ತಕ್ಷಣ ನನ್ನ ಪಾದಕ್ಕೆ ಊರು ನೆನಪಾಯಿತು. ಬಗ್ಗಿ ಕೈ ಹಾಕಿದೆ. ಬಳಚು! ಊರಿನದ್ದೇ ಜಾತಿ ಅಲ್ಲ, ಆದರೆ ಅದೇ ಮನೆತನ. ಅರ್ಧ ಗಂಟೆಯಲ್ಲಿ ಎರಡು ಪ್ಲಾಸ್ಟಿಕ್ ಚೀಲ ತುಂಬಿತು.

ಆ ಹುಡುಗ ಸಮುದ್ರ ನೋಡಿದ್ದೇ ಕಡಿಮೆ. ಮರಳಲ್ಲಿ ಅರ್ಧ ಹೂತಿದ್ದ ಒಂದು ನಕ್ಷತ್ರಮೀನು ಎತ್ತಿಕೊಂಡು ಓಡಿ ಬಂದ. "ಅಣ್ಣ, ಇದೂ ಬಳಚಿನ ಜಾತಿಯೇನಾ? ಇದನ್ನೂ ತಿಂತಾರಾ?" "ಎಲ್ಲಾ ಒಂದೇ ಜಾತಿ ಮಾರಾಯ. ಇದರಲ್ಲಿ ಮಾಂಸ ಇಲ್ಲ, ಬಿಡು" ಎಂದೆ. ಇದು ಮೊದಲನೇ ತಪ್ಪು ಉತ್ತರ. ಸ್ವಲ್ಪ ಹೊತ್ತಾದ ಮೇಲೆ ಅವನೇ, "ಅಣ್ಣ, ಇಲ್ಲಿ ನೀರು ಒಂಥರಾ ವಾಸನೆ ಬರುತ್ತಲ್ಲ, ಪರವಾಗಿಲ್ವಾ?" ಎಂದ. "ಚಿಪ್ಪು ಮುಚ್ಚಿಕೊಂಡಿರುತ್ತೆ. ಹೊರಗಿನ ಕೊಳೆ ಒಳಗೆ ಹೇಗೆ ಹೋಗುತ್ತೆ?" ಎಂದೆ. ಇದು ಎರಡನೆಯದು. ಕರಾವಳಿಯವನು ಹೇಳಿದ ಮೇಲೆ ಮುಗಿಯಿತು, ಅವನು ನಂಬಿದ.

ಅಜ್ಜಿಯ ಕ್ರಮದಲ್ಲೇ ಉಪ್ಪು ನೀರಲ್ಲಿಟ್ಟೆ, ಮೂರು ಸಲ ತೊಳೆದೆ, ಆವಿಯಲ್ಲಿ ಬಾಯಿ ಬಿಡುವವರೆಗೆ ಬೇಯಿಸಿದೆ. ಎಲ್ಲರೂ ಚಪ್ಪರಿಸಿ ತಿಂದೆವು. ಯಾರಿಗೂ ಏನೂ ಆಗಲಿಲ್ಲ. ನಾಲ್ಕು ವಾರ ಕಳೆದ ಮೇಲೆ ಆ ಹುಡುಗನಿಗೆ ಜ್ವರ, ವಾಂತಿ, ಆಮೇಲೆ ಕಣ್ಣೆಲ್ಲ ಹಳದಿ. ಕಾಮಾಲೆ. ಆಸ್ಪತ್ರೆಯ ವೈದ್ಯರು ಹೆಪಟೈಟಿಸ್ ಎ ಎಂದರು. ನಾವೆಲ್ಲ ಹಿಂದಿನ ವಾರದ ಊಟದ ಬಗ್ಗೆ ಯೋಚಿಸುತ್ತಿದ್ದರೆ ಅವರು ಕೇಳಿದ್ದು, "ಒಂದು ತಿಂಗಳ ಹಿಂದೆ ಸಮುದ್ರದ ಚಿಪ್ಪುಜೀವಿ ಏನಾದರೂ ತಿಂದಿದ್ದನೇ?" ಎಂದು. ನನಗೆ ಬೆನ್ನಲ್ಲಿ ತಣ್ಣಗಾಯಿತು. ಬಳಚಿನಿಂದಲೇ ಬಂತು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ, ಆದರೆ ಲೆಕ್ಕ ತಾಳೆಯಾಗುತ್ತದೆ ಎಂದರು. ಈ ವೈರಸ್ ಹೊಟ್ಟೆ ಸೇರಿ ರೋಗ ಕಾಣಿಸಿಕೊಳ್ಳಲು 15ರಿಂದ 50 ದಿನ ಬೇಕು, ಸರಾಸರಿ 28. ನಮ್ಮ ಉಳಿದ ನಾಲ್ವರಿಗೆ ಏಕೆ ಬರಲಿಲ್ಲ ಎಂದರೆ, ಹಳ್ಳಿಯ ಬಾವಿ, ಹೊಳೆ ನೀರು ಕುಡಿದು ಬೆಳೆದವರಿಗೆ ಚಿಕ್ಕಂದಿನಲ್ಲೇ ಇದು ಗೊತ್ತಾಗದ ಹಾಗೆ ಬಂದು ಹೋಗಿರುತ್ತದೆ. ಮತ್ತೆ ಬರುವುದಿಲ್ಲ. ಶುದ್ಧ ನೀರು ಕುಡಿದು ಬೆಳೆದ ಪೇಟೆಯ ಹುಡುಗನಿಗೆ ಆ ರಕ್ಷಣೆ ಇರಲಿಲ್ಲ.

ಅವನು ಕೆಲಸಕ್ಕೆ ಹೋಗದೆ ಇದ್ದದ್ದು 45 ದಿನ. ಇಲ್ಲಿನ 2010ರ ಕಾರ್ಮಿಕ ಕಾನೂನಿನ ಪ್ರಕಾರ ಅನಾರೋಗ್ಯ ರಜೆಗೆ ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 10 ದಿನ ಮುಕ್ಕಾಲು, ಆಮೇಲಿನ 10 ದಿನ ಅರ್ಧ, ಮತ್ತೆ 10 ದಿನ ಕಾಲು. ಕೂಡಿಸಿದರೆ 45 ದಿನಕ್ಕೆ 30 ದಿನದ ಸಂಬಳ. ಕೂತು ಲೆಕ್ಕ ಹಾಕಿ ಕೊಟ್ಟವನು ನಾನೇ. ಕೈತಪ್ಪಿದ್ದು 15 ದಿನದ ಸಂಬಳ, ಅಂದರೆ ಅವನು ತಿಂಗಳು ತಿಂಗಳು ಮನೆಗೆ ಕಳಿಸುತ್ತಿದ್ದಷ್ಟು. ಅದನ್ನು ನಾನು ಕೊಡಬಹುದಿತ್ತು, ಕೊಟ್ಟೆ ಕೂಡ. ಆದರೆ ಕಾಮಾಲೆ ಬಂದವನನ್ನು ಅಡುಗೆಮನೆಗೆ ಮತ್ತೆ ಸೇರಿಸಿಕೊಳ್ಳಲು ಅವರು ಒಪ್ಪಲಿಲ್ಲ. ಅಕಾಮಾ ನವೀಕರಣವಾಗಲಿಲ್ಲ. ಮೇ ತಿಂಗಳಲ್ಲಿ ಅವನು ವಾಪಸ್ಸು ಹೋದ. ವಿಮಾನ ನಿಲ್ದಾಣದಲ್ಲಿ ಕೂಡ "ಬಿಡಿ ಅಣ್ಣ, ನೀವೇನು ಬೇಕಂತ ಮಾಡಿದ್ರಾ" ಎಂದ. ಬೈದಿದ್ದರೆ ವಾಸಿಯಿತ್ತು.

ಆಮೇಲೆ ನಾನು ಆ ಎರಡು ಉತ್ತರಗಳ ಹಿಂದೆ ಬಿದ್ದೆ. ಲೆಕ್ಕ ತಾಳೆಯಾಗದಿದ್ದರೆ ಎಲ್ಲಿ ತಪ್ಪಿತು ಎಂದು ಹುಡುಕದೆ ನಮ್ಮ ವೃತ್ತಿಯವರಿಗೆ ನಿದ್ದೆ ಬರುವುದಿಲ್ಲ. ಪ್ರಾಣಿಶಾಸ್ತ್ರ ಪಿಯುಸಿಗೇ ಬಿಟ್ಟವನು ಈಗ ಓದತೊಡಗಿದೆ.

ಮೊದಲನೇ ಉತ್ತರ: ಎಲ್ಲಾ ಒಂದೇ ಜಾತಿ. ಈ ತಪ್ಪು ಮಾಡಿದವನು ನಾನೊಬ್ಬನೇ ಅಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಜೀವಿಗಳಿಗೆಲ್ಲ ಎರಡು ಪದದ ಹೆಸರಿಟ್ಟು ವರ್ಗೀಕರಣದ ಪಿತಾಮಹ ಎನಿಸಿಕೊಂಡ ಸ್ವೀಡನ್ನಿನ ಕಾರ್ಲ್ ಲಿನೇಯಸ್, 1758ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದ ಹತ್ತನೇ ಆವೃತ್ತಿಯಲ್ಲಿ ಬೆನ್ನೆಲುಬು ಇಲ್ಲದ ಜೀವಿಗಳಲ್ಲಿ ಕೀಟ, ಏಡಿ, ಸಿಗಡಿಗಳನ್ನು ಒಂದು ಕಡೆ ಇಟ್ಟು, ಮಿಕ್ಕಿದ್ದನ್ನೆಲ್ಲ 'ಹುಳುಗಳು' ಎಂಬ ಒಂದೇ ವಿಭಾಗಕ್ಕೆ ತಳ್ಳಿದ. ನಾವು ಸಸ್ಪೆನ್ಸ್ ಅಕೌಂಟ್ ಎಂದು ಇಡುತ್ತೇವಲ್ಲ, ಎಲ್ಲಿ ಹಾಕಬೇಕೋ ಗೊತ್ತಾಗದ ಬಾಬತ್ತುಗಳಿಗೆ, ಹಾಗೆಯೇ. ಆ ವಿಭಾಗದೊಳಗೆ ಮೊಲಸ್ಕ ಎಂಬ ಉಪಶೀರ್ಷಿಕೆ. ಅದರಡಿ ಚಿಪ್ಪಿಲ್ಲದ ಬಸವನಹುಳು, ಕಪ್ಪೆ ಬೊಂಡಾಸು, ಅಂಬಲಿಮೀನು, ಅವುಗಳ ಜೊತೆಗೆ ನಕ್ಷತ್ರಮೀನು, ಕಡಲ ಮುಳ್ಳುಚೆಂಡು! ಬಳಚು, ಸಿಂಪಿ, ಶಂಖಗಳು ಮಾತ್ರ 'ಚಿಪ್ಪುಳ್ಳವು' ಎಂಬ ಬೇರೆ ಉಪಶೀರ್ಷಿಕೆಯಲ್ಲಿ. ಅಂದರೆ ಈಗ ನಾವು ಮೃದ್ವಂಗಿ ಎನ್ನುವ ಬಳಚು ಆ ಪಟ್ಟಿಯಲ್ಲಿ ಇಲ್ಲ, ಮೃದ್ವಂಗಿಯೇ ಅಲ್ಲದ ನಕ್ಷತ್ರಮೀನು ಇದೆ.

ಸರಿಪಡಿಸಲು ತುಂಬ ಕಾಲ ಹಿಡಿಯಿತು. 1795ರಲ್ಲಿ ಫ್ರಾನ್ಸಿನ ಜಾರ್ಜ್ ಕುವಿಯೆ ಒಳಗಿನ ಅಂಗಾಂಗ ಕೊಯ್ದು ನೋಡಿ ಮೃದ್ವಂಗಿಗಳನ್ನು ಬೇರೆ ಮಾಡಿದ. ಆದರೆ ಅವನು ಕೂಡ ಮುಂದೆ ನಕ್ಷತ್ರಮೀನನ್ನು ಅಂಬಲಿಮೀನಿನ ಜೊತೆ ಕೂರಿಸಿದ, ಎರಡೂ ಚಕ್ರದ ಹಾಗೆ ದುಂಡಗಿವೆ ಎಂಬ ಕಾರಣಕ್ಕೆ. ಅವೆರಡನ್ನು ಬಿಡಿಸಿಡುವ ಹೊತ್ತಿಗೆ ಹತ್ತೊಂಬತ್ತನೇ ಶತಮಾನ ಅರ್ಧ ಕಳೆದಿತ್ತು. ಬಂಡೆಗೆ, ದೋಣಿಯ ತಳಕ್ಕೆ ಚೂಪಾಗಿ ಅಂಟಿಕೊಂಡು ಕಾಲು ಕೊಯ್ಯುತ್ತದಲ್ಲ, ಬಾರ್ನಕಲ್ ಎನ್ನುವ ಚಿಪ್ಪು, ಅದನ್ನು ಕೂಡ ಎಲ್ಲರೂ ಬಳಚಿನ ಬಳಗ ಎಂದೇ ತಿಳಿದಿದ್ದರು. 1830ರಲ್ಲಿ ಜಾನ್ ವಾನ್ ಥಾಮ್ಸನ್ ಎಂಬ ಸೇನಾ ವೈದ್ಯ ಅದರ ಮರಿಗಳನ್ನು ನೋಡಿ, ಇದು ಏಡಿ, ಸಿಗಡಿಗಳ ಸಂಬಂಧಿ ಎಂದು ತೋರಿಸಿದ. ಚಿಪ್ಪು ನೋಡಿ ಜಾತಿ ಹೇಳುವುದು ಇಷ್ಟು ಅಪಾಯದ ಕೆಲಸ.

ಹಾಗಾದರೆ ವ್ಯತ್ಯಾಸ ಏನು? ಮೃದ್ವಂಗಿ ಎಂದರೆ ಹೆಸರೇ ಹೇಳುವ ಹಾಗೆ ಮೆತ್ತನೆಯ ಮೈ. ಆ ಮೈಯನ್ನು ಸುತ್ತಿಕೊಂಡು ಒಂದು ತೆಳು ಹೊದಿಕೆ ಇರುತ್ತದೆ. ಚಿಪ್ಪು ಆ ಹೊದಿಕೆಯೇ ಸುಣ್ಣ ಒಸರಿಸಿ ಹೊರಗೆ ಕಟ್ಟಿಕೊಂಡ ಗೋಡೆ. ತೆವಳಲೋ ಅಗೆಯಲೋ ಒಂದು ಸ್ನಾಯುವಿನ ಪಾದ. ಬಳಚು, ಸಿಂಪಿ, ಪಚ್ಚಿಲೆಗಳು ಎರಡು ಚಿಪ್ಪಿನವು. ಶಂಖ, ಕವಡೆ, ಬಸವನಹುಳು ಒಂದೇ ಸುರುಳಿಯವು. ಬೊಂಡಾಸು, ಅಷ್ಟಪದಿಗಳು ಚಿಪ್ಪನ್ನು ಒಳಗೆ ಎಳೆದುಕೊಂಡವು ಅಥವಾ ಬಿಟ್ಟೇಬಿಟ್ಟವು. ಮುಕ್ಕಾಲು ಲಕ್ಷಕ್ಕೆ ಕಡಿಮೆಯಿಲ್ಲದ ಜಾತಿಗಳ ಈ ಕುಟುಂಬ ಸಮುದ್ರದಲ್ಲೂ ಇದೆ, ಹೊಳೆಯಲ್ಲೂ ಇದೆ, ನಮ್ಮ ಹಿತ್ತಲ ಅಡಿಕೆ ಮರದ ಬುಡದಲ್ಲೂ ಇದೆ.

ನಕ್ಷತ್ರಮೀನು ಸೇರುವುದು ಕಂಟಕಚರ್ಮಿಗಳ ಗುಂಪಿಗೆ. ಸುಮಾರು 7,000 ಜಾತಿ, ಎಲ್ಲವೂ ಸಮುದ್ರದವು. ಸಿಹಿನೀರಲ್ಲಿ ಒಂದೂ ಇಲ್ಲ, ನೆಲದ ಮೇಲೆ ಒಂದೂ ಇಲ್ಲ. ನಕ್ಷತ್ರಮೀನು, ಮುಳ್ಳುಚೆಂಡು, ಕಡಲ ಸೌತೆ, ಹಾವಿನಂಥ ತೋಳಿನ ಬ್ರಿಟಲ್ ಸ್ಟಾರ್, ಗರಿಯಂಥ ತೋಳಿನ ಫೆದರ್ ಸ್ಟಾರ್. ಇವಕ್ಕೆ ತಲೆ ಇಲ್ಲ, ಮಿದುಳು ಇಲ್ಲ, ಮೈ ಐದರ ಲೆಕ್ಕದಲ್ಲಿ ವಿಂಗಡವಾಗಿರುತ್ತದೆ. ಗಟ್ಟಿ ಕಂಡರೂ ಅದು ಚಿಪ್ಪಲ್ಲ. ಚರ್ಮದ ಒಳಗೆ ಸುಣ್ಣದ ಬಿಲ್ಲೆಗಳಿಂದಾದ ಅಸ್ಥಿಪಂಜರ ಅದು. ಮೈಯೊಳಗೆ ನೀರಿನ ಕೊಳವೆಗಳ ಜಾಲವಿದ್ದು, ಅದರ ಒತ್ತಡದಿಂದ ನೂರಾರು ಪುಟ್ಟ ನಳಿಕೆ ಕಾಲುಗಳು ಚಾಚಿ ಹಿಂದೆ ಸರಿದು ನಡೆಸುತ್ತವೆ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಲ್ಲಿ ಏಳುತ್ತದಲ್ಲ, ಸೈಟಿನಲ್ಲಿ ಕೆಲಸ ಮಾಡುವವರಿಗೆ ಬೇಗ ಅರ್ಥವಾಗುತ್ತದೆ.

ಇನ್ನೊಂದು ವ್ಯತ್ಯಾಸ ಇನ್ನೂ ಆಳದ್ದು. ಭ್ರೂಣ ಇನ್ನೂ ಒಂದು ಪುಟ್ಟ ಚೆಂಡಿನಂತಿರುವಾಗ ಅದರಲ್ಲಿ ಒಂದು ತೂತು ಮೂಡುತ್ತದೆ. ಬಳಚಿನಂಥವುಗಳ ಬಳಗದಲ್ಲಿ ಸಾಮಾನ್ಯವಾಗಿ ಆ ತೂತಿನ ಕಡೆ ಬಾಯಿ ಬರುತ್ತದೆ. ನಕ್ಷತ್ರಮೀನಿನಲ್ಲಿ ಅದು ಗುದದ್ವಾರವಾಗುತ್ತದೆ, ಬಾಯಿ ಆಮೇಲೆ ಬೇರೆ ಕಡೆ ತೆರೆಯುತ್ತದೆ. ನಮ್ಮಲ್ಲೂ ಹಾಗೆಯೇ, ಮನುಷ್ಯರಲ್ಲಿ. ನಗಬೇಡಿ, 1908ರಲ್ಲಿ ಕಾರ್ಲ್ ಗ್ರೋಬನ್ ಎಂಬ ವಿಜ್ಞಾನಿ ಪ್ರಾಣಿಲೋಕವನ್ನು ಹೀಗೇ ಎರಡು ಭಾಗ ಮಾಡಿದ. ಈಚಿನ ಡಿಎನ್‌ಎ ಹೋಲಿಕೆಯೂ ನಕ್ಷತ್ರಮೀನನ್ನು ನಮ್ಮ ಕಡೆಗೇ ಹಾಕುತ್ತದೆ. ಆ ದಿನ ಹುಡುಗನ ಕೈಯಲ್ಲಿದ್ದ ಪ್ರಾಣಿ ನನ್ನ ಚೀಲದಲ್ಲಿದ್ದ ಬಳಚಿಗಿಂತ ನಮಗೇ ಹತ್ತಿರದ ನೆಂಟ. ನಾನು ಅದನ್ನು ಮಾಂಸ ಇಲ್ಲ ಎಂದು ಎಸೆಯಲು ಹೇಳಿದ್ದೆ.

ಈಗ ಎರಡನೇ ಉತ್ತರ, ಚಿಪ್ಪು ಮುಚ್ಚಿಕೊಂಡಿರುತ್ತದೆ ಎಂಬುದು. ನಿಜವಾಗಿ ದುಬಾರಿಯಾದದ್ದು ಇದೇ.

ಬಳಚು ಚಿಪ್ಪು ಮುಚ್ಚುವುದು ಇಳಿತದಲ್ಲಿ, ನಾವು ನೋಡುವ ಹೊತ್ತಿಗೆ. ನೀರಿದ್ದಾಗ ಅದು ತೆರೆದೇ ಇರುತ್ತದೆ. ಕೆಸರಿನಿಂದ ಎರಡು ಕೊಳವೆ ಮೇಲೆ ಚಾಚುತ್ತದೆ. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಒಳಗೆ ಕಿವಿರುಗಳ ಮೇಲೆ ಲಕ್ಷಾಂತರ ಸೂಕ್ಷ್ಮ ರೋಮಗಳು ಬಡಿಯುತ್ತಾ ನೀರು ಎಳೆಯುತ್ತವೆ. ನೀರಿನಲ್ಲಿದ್ದ ಪಾಚಿಯ ಕಣ, ಬ್ಯಾಕ್ಟೀರಿಯಾ, ದೂಳು, ಏನಿದೆಯೋ ಅದೆಲ್ಲ ಲೋಳೆಗೆ ಅಂಟಿ ಬಾಯಿಯ ಕಡೆ ಸಾಗುತ್ತದೆ. ಬಾಯಿಯ ಹತ್ತಿರ ಒಂದು ಪರಿಶೀಲನೆ ನಡೆಯುತ್ತದೆ, ಬೇಡದ್ದನ್ನು ಉಂಡೆ ಮಾಡಿ ಹೊರಗೆ ತಳ್ಳುತ್ತದೆ. ಆದರೆ ಆ ಪರಿಶೀಲನೆ ಹೆಚ್ಚಾಗಿ ಗಾತ್ರ, ತೂಕ ನೋಡಿ ಮಾಡುವುದು. ವೈರಸ್ ಹೊತ್ತ ಕಣ ಅದಕ್ಕೆ ಗೊತ್ತಾಗುವುದಿಲ್ಲ. ದೊಡ್ಡ ಸಿಂಪಿಯೊಂದು ಗಂಟೆಗೆ ಹಲವು ಲೀಟರ್ ನೀರು ಸೋಸಬಲ್ಲದು. ಹಾಗಾಗಿ ಸುತ್ತಲಿನ ನೀರಲ್ಲಿ ಅತಿ ತೆಳುವಾಗಿ ಹರಡಿದ್ದ ಕೊಳೆ ಅದರ ಹೊಟ್ಟೆಯಲ್ಲಿ ಹಲವು ಪಟ್ಟು ದಟ್ಟವಾಗಿ ಕೂರುತ್ತದೆ. ಮೀನು ತಿನ್ನುವಾಗ ನಾವು ಕರುಳು, ಕಿವಿರು ತೆಗೆದು ಎಸೆಯುತ್ತೇವೆ. ಬಳಚನ್ನು ಹೊಟ್ಟೆ ಸಮೇತ ತಿನ್ನುತ್ತೇವೆ. ಹೊರಗಿನ ಕೊಳೆ ಒಳಗೆ ಹೇಗೆ ಹೋಗುತ್ತೆ ಎಂದು ಕೇಳಿದೆನಲ್ಲ, ಅದರ ಇಡೀ ಬದುಕೇ ಹೊರಗಿನದನ್ನು ಒಳಗೆ ತೆಗೆದುಕೊಳ್ಳುವುದು.

ಇದು ನನ್ನೊಬ್ಬನ ಅನುಭವ ಎಂದುಕೊಳ್ಳಬೇಡಿ. 1988ರ ಆರಂಭದಲ್ಲಿ ಚೀನಾದ ಶಾಂಘೈಯಲ್ಲಿ ಸುಮಾರು 3 ಲಕ್ಷ ಜನರಿಗೆ ಹೆಪಟೈಟಿಸ್ ಎ ಬಂತು, ಕೊಳಚೆ ಸೇರಿದ ನೀರಿನ ಬಳಚನ್ನು ಅರೆಬೆಂದ ಸ್ಥಿತಿಯಲ್ಲಿ ತಿಂದದ್ದರಿಂದ. ಅವರೂ ಬಾಯಿ ಬಿಡುವ ಮಟ್ಟಿಗೆ ಬಿಸಿನೀರು ಹಾಕುತ್ತಿದ್ದವರೇ. ಬಳಚು ಬಾಯಿ ಬಿಡುವುದಕ್ಕೂ ವೈರಸ್ ಸಾಯುವುದಕ್ಕೂ ಸಂಬಂಧವಿಲ್ಲ. ಒಳಗಿನ ಮಾಂಸ 90 ಡಿಗ್ರಿ ತಲುಪಿ ಒಂದೂವರೆ ನಿಮಿಷ ಅಲ್ಲೇ ನಿಲ್ಲಬೇಕು. ಉಪ್ಪು ನೀರಲ್ಲಿ ರಾತ್ರಿ ಇಟ್ಟರೆ ಮರಳು ಹೋಗುತ್ತದೆ. ವೈರಸ್ ಹೋಗುವುದಿಲ್ಲ.

ಬೇಯಿಸಿದರೂ ಹೋಗದ್ದು ಇನ್ನೊಂದಿದೆ. ನಮ್ಮಲ್ಲಿ ಕಾಸರಗೋಡು, ಮಂಗಳೂರು ಕಡೆಯವರು ಇರುವುದರಿಂದ ಹೇಳಲೇಬೇಕು. 1983ರ ಏಪ್ರಿಲ್‌ನಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದು ಆರಿಕ್ಕಾಡಿಯಲ್ಲಿ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಕರುಣಾಸಾಗರ್ ಮತ್ತು ಸಂಗಡಿಗರು ಕಾರಣ ಹುಡುಕಿ ಮರುವರ್ಷ ಪ್ರಕಟಿಸಿದರು. ಕೆಲವು ಸೂಕ್ಷ್ಮ ಪಾಚಿಗಳು ನರಗಳನ್ನು ನಿಲ್ಲಿಸುವ ವಿಷ ತಯಾರಿಸುತ್ತವೆ. ಮರುವಾಯಿ ಅದನ್ನು ಸೋಸಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ, ತನಗೆ ಹೆಚ್ಚು ತೊಂದರೆಯಿಲ್ಲ. ತಿಂದ ಮನುಷ್ಯನಿಗೆ ಮೊದಲು ತುಟಿ ಜುಮ್ಮೆನ್ನುತ್ತದೆ, ಆಮೇಲೆ ಕೈಕಾಲು, ಹೆಚ್ಚಾದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಇದಕ್ಕೆ ಮದ್ದಿಲ್ಲ, ಯಂತ್ರದ ಉಸಿರು ಕೊಟ್ಟು ಕಾಯಬೇಕು. ಕುದಿಸಿದರೂ ಹುರಿದರೂ ವಿಷ ಹೋಗುವುದಿಲ್ಲ. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ದಾಟಿದರೆ ಮಾರಬಾರದು ಎಂಬುದು ಬಹಳ ದೇಶಗಳ ಮಿತಿ. ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು ಮೈಕ್ರೋಗ್ರಾಂ. ಕಣ್ಣಿಗೆ, ಮೂಗಿಗೆ, ನಾಲಗೆಗೆ ಸಿಗುವ ಲೆಕ್ಕವಲ್ಲ.

ಕುವೈತ್ ಕೊಲ್ಲಿಯ ವಿಷಯಕ್ಕೆ ಬಂದರೆ, ಹಳಬರಿಗೆ 2001 ನೆನಪಿರಬಹುದು. ಆಗಸ್ಟಿನಿಂದ ಮುಂದೆ ಮೈದ್ ಮೀನು 2,000 ಟನ್ನಿಗೂ ಹೆಚ್ಚು ಸತ್ತು ದಡಕ್ಕೆ ಬಿದ್ದಿತ್ತು. ಒಂದು ಬ್ಯಾಕ್ಟೀರಿಯಾ ಕಾರಣ ಎಂದು ಗೊತ್ತಾಯಿತು, ಕೊಳಚೆಯಿಂದ ಕೊಬ್ಬಿದ್ದ ನೀರು, ಬಿಸಿಲು ಅದಕ್ಕೆ ನೆರವಾಗಿದ್ದವು. 2009ರ ಆಗಸ್ಟಿನಲ್ಲಿ ಮಿಶ್ರಿಫ್‌ನ ಕೊಳಚೆ ಪಂಪಿಂಗ್ ಸ್ಟೇಷನ್ ಕೆಟ್ಟು ಕಚ್ಚಾ ಕೊಳಚೆಯೇ ಸಮುದ್ರ ಸೇರಿತ್ತು. ನಾನು ಬಳಚು ಹೆಕ್ಕಿದ್ದು ಅದಾಗಿ ಒಂದೂವರೆ ವರ್ಷಕ್ಕೆ, ಬೇರೆ ದಡದಲ್ಲಿ. ಅದಕ್ಕೂ ಇದಕ್ಕೂ ಗಂಟು ಹಾಕುತ್ತಿಲ್ಲ. ಪೇಪರಿನಲ್ಲಿ ಅಷ್ಟೆಲ್ಲ ಓದಿದ್ದ ನನಗೆ ಬುದ್ಧಿ ಬರಬೇಕಿತ್ತು ಎನ್ನುತ್ತಿದ್ದೇನೆ. ಇಲ್ಲಿನ ಸಂಶೋಧಕರು ಕೊಲ್ಲಿಯಲ್ಲಿ ಲೋಹದ ಅಂಶ ಎಷ್ಟಿದೆ ಎಂದು ತಿಳಿಯಲು ಪರೀಕ್ಷಿಸುವುದು ಇದೇ ಎರಡು ಚಿಪ್ಪಿನ ಜೀವಿಗಳನ್ನು. ಅವರು ಅಳತೆಗೋಲಾಗಿ ಇಟ್ಟುಕೊಂಡದ್ದನ್ನು ನಾನು ಸುಕ್ಕ ಮಾಡಿದ್ದೆ.

ಮೃದ್ವಂಗಿಗಳೆಲ್ಲ ಸೋಸಿ ತಿನ್ನುವವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಬಸವನಹುಳುವಿಗೆ ಅರದಂಥ ನಾಲಗೆ ಇದೆ, ಸಾವಿರಾರು ಸೂಕ್ಷ್ಮ ಹಲ್ಲಿನದು, ಎಲೆಯನ್ನೋ ಪಾಚಿಯನ್ನೋ ಕೆರೆದು ತಿನ್ನುತ್ತದೆ. ನಾವು ದೇವರಮನೆಯಲ್ಲಿ ಊದುವ ಶಂಖದ ಒಡೆಯ ಮಾಂಸಾಹಾರಿ, ಕೆಸರಿನ ಹುಳುಗಳನ್ನು ಹಿಡಿದು ತಿನ್ನುವವನು. ಮಡಿಯವರು ಕ್ಷಮಿಸಬೇಕು. ಕಪ್ಪೆ ಬೊಂಡಾಸು ಎರಡು ಉದ್ದ ತೋಳು ಚಿಮ್ಮಿಸಿ ಸಿಗಡಿ ಹಿಡಿದು ಗಿಳಿಕೊಕ್ಕಿನಂಥ ದವಡೆಯಲ್ಲಿ ಕತ್ತರಿಸುತ್ತದೆ. ಸೋಸುವ ಅಪಾಯ ಇರುವುದು ಮುಖ್ಯವಾಗಿ ಎರಡು ಚಿಪ್ಪಿನವುಗಳಲ್ಲಿ.

ಕಂಟಕಚರ್ಮಿಗಳ ಊಟದ ರೀತಿಯೇ ಬೇರೆ. ನಕ್ಷತ್ರಮೀನಿನ ಬಾಯಿ ಹೊಟ್ಟೆಯ ಕೆಳಗೆ ಇದೆ. ಬಂಡೆಯ ಮೇಲಿನ ಕೆಲವು ಜಾತಿಗಳು ಬಳಚನ್ನು ತೋಳುಗಳಲ್ಲಿ ತಬ್ಬಿ, ನಳಿಕೆ ಕಾಲುಗಳಿಂದ ಎರಡೂ ಚಿಪ್ಪು ಎಳೆಯುತ್ತವೆ. ಕೂದಲೆಳೆಯಷ್ಟು ಸಂದು ಸಿಕ್ಕರೆ ಸಾಕು, ತಮ್ಮ ಜಠರವನ್ನೇ ಬಾಯಿಂದ ಹೊರಗೆ ಹೊರಳಿಸಿ ಆ ಸಂದಿನೊಳಗೆ ತೂರಿಸಿ, ಬಳಚನ್ನು ಅದರ ಮನೆಯಲ್ಲೇ ಜೀರ್ಣಿಸಿ ಹೀರುತ್ತವೆ. ಮರಳಲ್ಲಿ ಹೂತಿರುವ ಬಗೆಗಳಿಗೆ ಅಷ್ಟು ತಾಳ್ಮೆಯಿಲ್ಲ, ಪುಟ್ಟ ಚಿಪ್ಪುಗಳನ್ನು ಇಡಿಯಾಗಿ ನುಂಗಿ ಖಾಲಿ ಚಿಪ್ಪನ್ನು ಉಗುಳುತ್ತವೆ. ಹುಡುಗ ಎತ್ತಿಕೊಂಡು ಬಂದದ್ದು ಅಂಥದ್ದೇ ಇರಬೇಕು. ನಾವು ಬಂದ ಕೆಲಸಕ್ಕೇ ಅದೂ ಆ ದಡಕ್ಕೆ ಬಂದಿತ್ತು! ಕಡಲ ಸೌತೆ ಮಣ್ಣನ್ನೇ ತಿಂದು, ಅದರೊಳಗಿನ ಕೊಳೆತ ಸತ್ವ ಹೀರಿ, ಉಳಿದ ಮಣ್ಣನ್ನು ಹೊರಹಾಕುತ್ತದೆ. ಫೆದರ್ ಸ್ಟಾರ್ ಮಾತ್ರ ತೋಳು ಬಿಚ್ಚಿ ನೀರಲ್ಲಿ ತೇಲಿಬರುವ ಕಣ ಹಿಡಿದು ತಿನ್ನುವುದು.

ಮುಳ್ಳುಚೆಂಡಿನದು ಕೆರೆಯುವ ಕೆಲಸ. ಐದು ಹಲ್ಲಿನ, ಹಳೆಯ ಕಾಲದ ಕಂದೀಲಿನಂಥ ಒಂದು ಯಂತ್ರ ಅದರ ಬಾಯಲ್ಲಿದೆ. ಅರಿಸ್ಟಾಟಲ್ ಅದನ್ನು ವರ್ಣಿಸಿದ್ದರಿಂದ ಇಂದಿಗೂ ಅರಿಸ್ಟಾಟಲನ ಕಂದೀಲು ಎಂದೇ ಹೆಸರು. ಕುವೈತಿನ ದಕ್ಷಿಣಕ್ಕೆ ಕುಬ್ಬರ್, ಖಾರೂಹ್, ಉಮ್ಮ್ ಅಲ್-ಮರಾದಿಮ್ ದ್ವೀಪಗಳಿವೆ, ನಮ್ಮಲ್ಲಿ ಕೆಲವರು ದೋಣಿ ಮಾಡಿಕೊಂಡು ಹೋಗಿ ಬಂದಿದ್ದೀರಿ. ಅಲ್ಲಿನ ಹವಳದ ದಿಬ್ಬಗಳಲ್ಲಿ ಮುಳ್ಳುಚೆಂಡುಗಳು ಪಾಚಿ ಕೆರೆಯುತ್ತಾ ಹವಳದ ಕಲ್ಲನ್ನೂ ಸವೆಸುತ್ತವೆ. ಪಾಚಿ ತೆಗೆದು ಹವಳಕ್ಕೆ ಜಾಗ ಮಾಡಿಕೊಡುವುದೂ ಅವೇ, ಸಂಖ್ಯೆ ಹೆಚ್ಚಿದರೆ ದಿಬ್ಬವನ್ನು ಕೊರೆದು ಹಾಕುವುದೂ ಅವೇ. ಕಂಟಕಚರ್ಮಿ ತಿಂದರೆ ಅಪಾಯವಿಲ್ಲ ಎಂದು ಇದರ ಅರ್ಥ ಮಾಡಬೇಡಿ. ವಿಷದ ಬಳಚು ತಿಂದ ನಕ್ಷತ್ರಮೀನಿನಲ್ಲೂ ಆ ವಿಷ ಸಿಕ್ಕಿದೆ. ಕಡಲ ಸೌತೆಯನ್ನಂತೂ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಕಾನೂನು ಹುಲಿಯ ಹಾಗೇ ಕಾಪಾಡುತ್ತಿದೆ, ಊರಿಗೆ ಹೋದಾಗ ಯಾರಾದರೂ ಮಾರಲು ಬಂದರೆ ದೂರ ಇರಿ.

ಈ ಊರು ಬಳಚಿನ ಬಳಗಕ್ಕೆ ಋಣಿ ಎಂಬುದನ್ನು ಮರೆಯಬಾರದು. ಎಣ್ಣೆಗಿಂತ ಮೊದಲು ಕುವೈತ್ ಬದುಕಿದ್ದು ಸಿಂಪಿಯಿಂದ, ಅಂದರೆ ಮುತ್ತಿನಿಂದ. ಸುಬ್ಬಿಯಾದ ಹತ್ತಿರ ಅಗೆದಾಗ ಸುಮಾರು 7,000 ವರ್ಷ ಹಳೆಯ, ತೂತು ಕೊರೆದ ಮುತ್ತು ಸಿಕ್ಕಿದೆ. ಮುತ್ತು ಹುಟ್ಟುವುದು ಮಳೆಹನಿಯಿಂದ ಎಂದು ಇಲ್ಲಿನ ಹಳಬರೂ ನಂಬಿದ್ದರು, ನಾವು ಸ್ವಾತಿ ಮಳೆ ಎನ್ನುತ್ತೇವೆ. ನಿಜದಲ್ಲಿ ಹೊದಿಕೆಗೆ ಗಾಯವಾದಾಗ ಅಥವಾ ಪರಾವಲಂಬಿ ಹೊಕ್ಕಾಗ ಸಿಂಪಿ ಅದರ ಸುತ್ತ ಪದರ ಕಟ್ಟುತ್ತದೆ. ಬೇಸಿಗೆಯಲ್ಲಿ ಹಡಗು ಹೊರಡುವ ಮೊದಲು ಮುಳುಗುಗಾರ ನೌಖದನಿಂದ ಮುಂಗಡ ತೆಗೆದುಕೊಂಡು ಮನೆಗೆ ಕೊಟ್ಟು ಹೋಗುತ್ತಿದ್ದ. ಋತುವಿನ ಕೊನೆಗೆ ಖರ್ಚು ಕಳೆದರೆ ಬಹಳ ಸಲ ಸಾಲವೇ ಉಳಿಯುತ್ತಿತ್ತು, ಮುಂದಿನ ವರ್ಷಕ್ಕೆ ಅದೇ ಹಡಗು. ವೀಸಾಕ್ಕೆ ಸಾಲ ಮಾಡಿ ಬಂದವರು ಈ ಸಭೆಯಲ್ಲೂ ಇದ್ದೀರಿ, ಬಿಡಿಸಿ ಹೇಳಬೇಕಾಗಿಲ್ಲ. ಸಾಲ್ಮಿಯಾದ ಸೈಂಟಿಫಿಕ್ ಸೆಂಟರ್ ಪಕ್ಕ ನಿಂತಿರುವ ಫತೆಹ್ ಅಲ್-ಖೈರ್ ಎಂಬ 1938ರ ಹಡಗನ್ನು ಮಕ್ಕಳಿಗೆ ತೋರಿಸಿ. ಒಳಗಿನ ಅಕ್ವೇರಿಯಮ್ಮನ್ನೂ ನೋಡಿ ಬನ್ನಿ.

ಈಗ ಕೆಲಸದ ಮಾತು. ಚಳಿಗಾಲದಲ್ಲಿ ನಮ್ಮ ಕ್ಯಾಂಪಿನ ಹುಡುಗರು ಈಗಲೂ ದಡದಲ್ಲಿ ಚಿಪ್ಪು ಹೆಕ್ಕುವುದನ್ನು ನಾನು ನೋಡುತ್ತೇನೆ. ದಯವಿಟ್ಟು ಬೇಡ. ಊರಿನ ಹೊಳೆಯ ಅಳತೆ ಇಲ್ಲಿಗೆ ಹಿಡಿಯಬೇಡಿ. ಊರಲ್ಲೂ ನೀರು ಕೆಂಪಾದಾಗ, ದಡಕ್ಕೆ ಮೀನು ಸತ್ತು ಬಿದ್ದಾಗ ಮರುವಾಯಿ ಬೇಡ. ಅಂಗಡಿಯದ್ದೇ ಆದರೂ ಬಾಯಿ ಬಿಟ್ಟ ತಕ್ಷಣ ಇಳಿಸಬೇಡಿ, ಚೆನ್ನಾಗಿ ಕುದಿಯಲಿ. ತಿಂದು ತುಟಿ ಜುಮ್ಮೆಂದರೆ ಮಲಗಿ ನೋಡೋಣ ಎನ್ನಬೇಡಿ, ತಕ್ಷಣ ಆಸ್ಪತ್ರೆ. ಹೆಪಟೈಟಿಸ್ ಎಗೆ ಲಸಿಕೆ ಇದೆ, ಸಾಮಾನ್ಯವಾಗಿ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಪೇಟೆಯಲ್ಲಿ ಬೆಳೆದ ಮಕ್ಕಳು ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಿ. ರಜೆಯ ಸಂಬಳದ ಲೆಕ್ಕ ಯಾರಿಗಾದರೂ ಬೇಕಿದ್ದರೆ ಊಟದ ಹೊತ್ತಿಗೆ ಬನ್ನಿ, ಶುಲ್ಕ ಇಲ್ಲ.

ಹೋದ ರಜೆಯಲ್ಲಿ ಬೆಂಗಳೂರಿನಲ್ಲಿ ಆ ಹುಡುಗನನ್ನು ನೋಡಿದೆ. ಹುಡುಗ ಎನ್ನುವುದು ನನ್ನ ಅಭ್ಯಾಸ, ಈಗ ಅವನಿಗೆ ಇಬ್ಬರು ಮಕ್ಕಳು, ಸ್ವಂತ ದರ್ಶಿನಿ. ನಿನ್ನ ಕಥೆ ಸಭೆಯಲ್ಲಿ ಹೇಳಲೇ ಎಂದೆ. "ಹೇಳಿ ಅಣ್ಣ, ಹೆಸರು ಮಾತ್ರ ಬೇಡ, ಗಿರಾಕಿಗಳು ಓಡಿ ಹೋಗ್ತಾರೆ" ಎಂದ. ಕಾಫಿ ಕುಡಿಯುತ್ತಾ, ಅವತ್ತು ನೀನು ಎತ್ತಿಕೊಂಡು ಬಂದ ನಕ್ಷತ್ರಮೀನು ಬಳಚಿನ ಜಾತಿಯಲ್ಲ, ನಮ್ಮ ಕಡೆಯ ನೆಂಟ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿದ.

"ಅಣ್ಣ, ಹೋದ ಸಲನೂ ನೀವು ಇಷ್ಟೇ ಧೈರ್ಯವಾಗಿ ಹೇಳಿದ್ರಿ" ಎಂದ.